ಕ್ರಿಸ್‌ಮಸ್ ಪದ್ಧತಿಗಳು ಹುಟ್ಟಿದ್ದು ಎಲ್ಲಿ, ಹೇಗೆ? ಗೊತ್ತಿರುವುದನ್ನೆಲ್ಲಾ ಇಲ್ಲಿ ಹಂಚಿಕೊಳ್ಳಿ

ದೀಪದಹುಳು:
ಮರ, ನಕ್ಷತ್ರ, ಕೆಂಪು ಟೋಪಿಯ ತಾತ, ಗ್ರೀಟಿಂಗ್ ಕಾರ್ಡು. ಕ್ರಿಸ್‌ಮಸ್ ಅಂದ ಕೂಡಲೇ ಇವೆಲ್ಲಾ ಒಟ್ಟಿಗೆ ನೆನಪಿಗೆ ಬರುತ್ತವೆ. 2000 ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ ಅಂತ ಎಷ್ಟೋ ಜನ ನಂಬಿರುತ್ತಾರೆ. ಆದರೆ ಒಂದೊಂದನ್ನೇ ಹಿಡಿದು ಹಿಂದಕ್ಕೆ ಹೋದರೆ ಬಹಳಷ್ಟು ಪದ್ಧತಿಗಳು 19ನೇ ಶತಮಾನದಲ್ಲೇ ನಿಂತುಬಿಡುತ್ತವೆ. ಕೆಲವಕ್ಕಂತೂ ಹುಟ್ಟಿದ ಊರು, ವರ್ಷ, ಮಾಡಿದವರ ಹೆಸರು ಎಲ್ಲವೂ ಸಿಗುತ್ತದೆ. ನನಗೆ ಇದು ತುಂಬಾ ಇಷ್ಟವಾದ ವಿಷಯ. ಹಾಗಾಗಿ ಒಂದು ಕೋರಿಕೆ: ಚೆಂದದ ಕಥೆಯನ್ನೂ ಹಾಕಿ, ಆದರೆ ಅದು ಕಥೆಯೋ ದಾಖಲೆಯೋ ಅಂತ ಹೇಳಿಬಿಡಿ.

ನಾನು ಕಾರ್ಡಿನಿಂದ ಶುರು ಮಾಡುತ್ತೇನೆ. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡು 1843ರದ್ದು. ಊರು ಲಂಡನ್. ಮಾಡಿಸಿದವರು ಹೆನ್ರಿ ಕೋಲ್, ಚಿತ್ರ ಬರೆದವರು ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ. 1840ರಲ್ಲಿ ಬ್ರಿಟನ್‌ನಲ್ಲಿ ಒಂದು ಪೆನ್ನಿ ನಾಣ್ಯದ ದರಕ್ಕೆ ದೇಶದ ಯಾವ ಮೂಲೆಗಾದರೂ ಪತ್ರ ಕಳಿಸುವ ವ್ಯವಸ್ಥೆ ಬಂತು. ಅದನ್ನು ತರಲು ದುಡಿದವರಲ್ಲಿ ಕೋಲ್ ಕೂಡ ಒಬ್ಬರು. ಅಂಚೆ ಅಗ್ಗವಾಯಿತು, ಪತ್ರಗಳು ರಾಶಿ ಬಿದ್ದವು. ಬಂದ ಪತ್ರಕ್ಕೆ ಉತ್ತರ ಬರೆಯದೇ ಇರುವುದು ಆಗ ಮರ್ಯಾದೆ ಅಲ್ಲ. ಎಲ್ಲರಿಗೂ ಕೈಯಾರೆ ಬರೆಯಲು ಪುರುಸೊತ್ತಿಲ್ಲದ ಕೋಲ್, ಸುಮಾರು ಸಾವಿರ ಕಾರ್ಡು ಅಚ್ಚು ಹಾಕಿಸಿದರು. ಉಳಿದದ್ದನ್ನು ಒಂದು ಶಿಲ್ಲಿಂಗ್‌ಗೆ ಒಂದರಂತೆ ಮಾರಿದರು. ಆ ಕಾಲಕ್ಕೆ ಅದು ಸಣ್ಣ ಮೊತ್ತ ಅಲ್ಲ.

ಚಿತ್ರವನ್ನು ಹತ್ತಿರದಿಂದ ನೋಡಿದರೆ ಇನ್ನೂ ಮಜಾ ಇದೆ. ನಡುವೆ ಒಂದು ದೊಡ್ಡ ಕುಟುಂಬ ಮೇಜಿನ ಸುತ್ತ ಕೂತು ಗ್ಲಾಸ್ ಎತ್ತಿ ಶುಭಾಶಯ ಹೇಳುತ್ತಿದೆ. ಎಡಬಲಕ್ಕೆ ಬಡವರಿಗೆ ಅನ್ನ, ಬಟ್ಟೆ ಕೊಡುವ ದೃಶ್ಯ. ನಡುವಿನ ಚಿತ್ರದಲ್ಲಿ ಪುಟ್ಟ ಮಗುವಿಗೂ ವೈನ್ ಕುಡಿಸುತ್ತಿದ್ದಾರೆ! ಮದ್ಯಪಾನ ವಿರೋಧಿಗಳು ಇದಕ್ಕೆ ಸಿಟ್ಟಾದರು.

ಪ್ರಶ್ನೆಚೀಲ:
ಕಾರ್ಡುಗಳ ಮೇಲೆ ಎದೆ ಕೆಂಪಗಿರುವ ಒಂದು ಪುಟ್ಟ ಹಕ್ಕಿ ಇರುತ್ತದಲ್ಲ, ಅದು ಯಾಕೆ? ಅದಕ್ಕೂ ಯೇಸುವಿನ ಜನನಕ್ಕೂ ಏನಾದರೂ ಸಂಬಂಧ ಇದೆಯಾ?

ಹಳೇಪುಟ:
ಅದು ರಾಬಿನ್. ಆ ಹಕ್ಕಿಯ ಎದೆ ಯಾಕೆ ಕೆಂಪಾಯಿತು ಅಂತ ಜನಪದ ಕಥೆಗಳಿವೆ. ಆದರೆ ಕಾರ್ಡಿಗೆ ಅದು ಬಂದದ್ದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಅಂಚೆಯವರದ್ದು. ವಿಕ್ಟೋರಿಯಾ ಕಾಲದ ಬ್ರಿಟನ್‌ನಲ್ಲಿ ಅಂಚೆಯವರ ಸಮವಸ್ತ್ರ ಕೆಂಪು. ಜನ ಅವರನ್ನು ರಾಬಿನ್ ಅಂತಲೇ ಕರೆಯುತ್ತಿದ್ದರು. ಹಾಗಾಗಿ ಹಳೇ ಕಾರ್ಡುಗಳಲ್ಲಿ ರಾಬಿನ್ ಹಕ್ಕಿ ಕೊಕ್ಕಿನಲ್ಲಿ ಪತ್ರ ಹಿಡಿದು ಬರುವುದನ್ನು ನೋಡಬಹುದು.

ಮರದ ಬಗ್ಗೆ ನಾನು ಬರೆಯುತ್ತೇನೆ, ಇದು ಸ್ವಲ್ಪ ಉದ್ದ ಆಗುತ್ತದೆ.

ಮನೆಯೊಳಗೆ ಮರ ತಂದು ಅಲಂಕಾರ ಮಾಡುವ ಪದ್ಧತಿಯ ಬೇರು ಜರ್ಮನ್ ಮಾತಾಡುವ ನಾಡುಗಳಲ್ಲಿದೆ. 1605ರ ಒಂದು ಬರಹ ಸ್ಟ್ರಾಸ್‌ಬರ್ಗ್ ಊರಿನ ಬಗ್ಗೆ ಹೇಳುತ್ತದೆ. ಅಲ್ಲಿನ ಜನ ನಡುಮನೆಯಲ್ಲಿ ಫರ್ ಮರ ನಿಲ್ಲಿಸಿ, ಬಣ್ಣದ ಕಾಗದದ ಗುಲಾಬಿ, ಸೇಬು, ತೆಳುವಾದ ಬಿಸ್ಕತ್ತು, ಸಿಹಿತಿಂಡಿ ನೇತುಹಾಕುತ್ತಿದ್ದರಂತೆ. ಸೇಬು ಎಲ್ಲಿಂದ ಬಂತು ಅಂದರೆ, ಹಳೇ ಪಂಚಾಂಗದಲ್ಲಿ ಡಿಸೆಂಬರ್ 24 ಬೈಬಲಿನ ಮೊದಲ ಮನುಷ್ಯರಾದ ಆದಾಮ ಮತ್ತು ಹವ್ವರ ದಿನ. ಅವತ್ತು ಆಡುತ್ತಿದ್ದ ನಾಟಕಕ್ಕೆ ಅವರು ಹಣ್ಣು ತಿಂದ ಏದೆನ್ ತೋಟದ ಮರ ಬೇಕಿತ್ತು. ಫರ್ ಚಳಿಗಾಲದಲ್ಲೂ ಹಸಿರಾಗಿರುವ ಮರ. ಅದಕ್ಕೇ ಸೇಬು ಕಟ್ಟುತ್ತಿದ್ದರು. ಇವತ್ತು ಮರಕ್ಕೆ ತೂಗುಹಾಕುವ ಕೆಂಪು ಗುಂಡುಗಳಲ್ಲಿ ಆ ಸೇಬಿನ ನೆನಪು ಉಳಿದಿದೆ ಅಂತ ಹಲವು ಇತಿಹಾಸಕಾರರು ಹೇಳುತ್ತಾರೆ. ಗಾಜಿನ ಗುಂಡುಗಳನ್ನು ಊದಿ ಮಾಡುವುದರಲ್ಲಿ ಹೆಸರಾದದ್ದು ಜರ್ಮನಿಯ ಲೌಶಾ ಅನ್ನುವ ಪುಟ್ಟ ಊರು.

ಪ್ರಶ್ನೆಚೀಲ:
ಮಾರ್ಟಿನ್ ಲೂಥರ್ ಒಂದು ರಾತ್ರಿ ಕಾಡಿನಲ್ಲಿ ನಡೆದು ಬರುವಾಗ ಮರಗಳ ನಡುವೆ ನಕ್ಷತ್ರ ಮಿನುಗುವುದು ಕಂಡು, ಮನೆಗೆ ಮರ ತಂದು ಮೇಣದಬತ್ತಿ ಹಚ್ಚಿದರು ಅಂತ ಓದಿದ್ದೆ. ಇದು ದಾಖಲೆಯಾ?

ಹಳೇಪುಟ:
ಇಲ್ಲ, ಇದು ಕಥೆ. ಲೂಥರ್ ತೀರಿಕೊಂಡದ್ದು 1546ರಲ್ಲಿ. ಅವರ ಕಾಲದ ಬರಹಗಳಲ್ಲಿ ಇದರ ಸುಳಿವೇ ಇಲ್ಲ. ಬಹಳ ಕಾಲದ ಮೇಲೆ ಹುಟ್ಟಿ, 19ನೇ ಶತಮಾನದಲ್ಲಿ ಚಿತ್ರಗಳ ಮೂಲಕ ಮನೆಮಾತಾಯಿತು. ಚೆಂದದ ಕಥೆಯೇ, ಆದರೆ ಮರಕ್ಕೆ ಬೆಳಕು ಬಂದದ್ದನ್ನು ಒಬ್ಬರ ಹೆಸರಿಗೆ ಬರೆಯಲು ಆಗುವುದಿಲ್ಲ.

ದಾಖಲೆ ಬೇಕೆಂದರೆ ಇಂಗ್ಲೆಂಡಿಗೆ ಹೋಗೋಣ. 1800ರಲ್ಲಿ ರಾಣಿ ಶಾರ್ಲಟ್ ವಿಂಡ್ಸರ್‌ನಲ್ಲಿ ಮಕ್ಕಳಿಗಾಗಿ ಮರ ಅಲಂಕರಿಸಿದರು. ಆಕೆ ಹುಟ್ಟಿ ಬೆಳೆದದ್ದು ಜರ್ಮನಿಯಲ್ಲಿ. ಆದರೂ ಪದ್ಧತಿ ಅರಮನೆಯ ಸುತ್ತಮುತ್ತಲೇ ಉಳಿಯಿತು. ಊರಿಗೆಲ್ಲಾ ಹಬ್ಬಿಸಿದ್ದು ಒಂದು ಚಿತ್ರ. 1848ರಲ್ಲಿ ಲಂಡನ್ನಿನ ಸಚಿತ್ರ ವಾರಪತ್ರಿಕೆಯೊಂದು ರಾಣಿ ವಿಕ್ಟೋರಿಯಾ, ಆಕೆಯ ಗಂಡ ಆಲ್ಬರ್ಟ್ ಮತ್ತು ಮಕ್ಕಳು ಮರದ ಸುತ್ತ ನಿಂತಿರುವ ಚಿತ್ರ ಅಚ್ಚು ಹಾಕಿತು. ಎರಡು ವರ್ಷದ ನಂತರ, 1850ರಲ್ಲಿ, ಅಮೆರಿಕದ ಹೆಂಗಸರ ಪತ್ರಿಕೆಯೊಂದು ಅದೇ ಚಿತ್ರವನ್ನು ಮತ್ತೆ ಹಾಕಿತು. ಆದರೆ ಹಾಗೇ ಹಾಕಲಿಲ್ಲ. ರಾಣಿಯ ತಲೆಯ ಮೇಲಿನ ಕಿರೀಟ ತೆಗೆದರು. ಆಲ್ಬರ್ಟ್‌ನ ಮೀಸೆ ತೆಗೆದರು, ಎದೆಯ ಮೇಲಿನ ಪಟ್ಟಿಯನ್ನೂ ತೆಗೆದರು. ಮರ, ಮೇಜು, ಮಕ್ಕಳು ಎಲ್ಲಾ ಅಲ್ಲೇ. ರಾಜಮನೆತನ ಹೋಗಿ ಸಾಮಾನ್ಯ ಅಮೆರಿಕನ್ ಕುಟುಂಬ ಬಂತು! ಓದುಗರು ನಮ್ಮಂಥವರ ಮನೆಯಲ್ಲೇ ಹೀಗೆ ಮಾಡುತ್ತಾರೆ ಅಂದುಕೊಂಡರು. ಒಂದು ಪದ್ಧತಿ ದೇಶ ದಾಟುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಇನ್ನೊಂದು ಸಿಕ್ಕಿಲ್ಲ.

ದೀಪದಹುಳು:
ಮೀಸೆ ತೆಗೆದ ವಿಷಯ ಅದ್ಭುತ! ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಬೆಳಕಿನ ಬಗ್ಗೆ ನಾನು ಸೇರಿಸುತ್ತೇನೆ. ಒಣಗಿದ ಮರಕ್ಕೆ ಉರಿಯುವ ಮೇಣದಬತ್ತಿ ಕಟ್ಟುವುದು ಅಪಾಯದ ಕೆಲಸ. ಬತ್ತಿ ಹಚ್ಚುವುದು ಸ್ವಲ್ಪ ಹೊತ್ತು ಮಾತ್ರ, ಅದೂ ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಜಾನ್ಸನ್ ಮೊದಲ ಬಾರಿಗೆ ಮರಕ್ಕೆ ವಿದ್ಯುತ್ ದೀಪ ಹಾಕಿದರು. ಅವರು ಥಾಮಸ್ ಎಡಿಸನ್ ಅವರ ವ್ಯಾಪಾರದ ಪಾಲುದಾರ. ಕೆಂಪು, ಬಿಳಿ, ನೀಲಿ ಬಣ್ಣದ 80 ಪುಟ್ಟ ಬಲ್ಬುಗಳು. ಮರ ಕೂಡ ವಿದ್ಯುತ್ತಿನಿಂದ ನಿಧಾನಕ್ಕೆ ತಿರುಗುತ್ತಿತ್ತು. ಆದರೆ ಆಗ ಹೆಚ್ಚಿನ ಮನೆಗಳಿಗೆ ಕರೆಂಟೇ ಇರಲಿಲ್ಲ. ಸಾಮಾನ್ಯರ ಮನೆಗೆ ಇದು ತಲುಪಲು ದಶಕಗಳೇ ಹಿಡಿದವು.

ಉತ್ತರದಿಕ್ಕು:
ಮರದ ಮಾತು ಬಂದಿರುವುದರಿಂದ ಎರಡು ಮರಗಳ ಬಗ್ಗೆ ಹೇಳಲೇಬೇಕು. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನಿಲ್ಲಿಸುವ ಮರ ಓಸ್ಲೋ ನಗರದ ಉಡುಗೊರೆ. ಎರಡನೇ ಮಹಾಯುದ್ಧದಲ್ಲಿ ನಾರ್ವೆಗೆ ಬ್ರಿಟನ್ ಕೊಟ್ಟ ಬೆಂಬಲಕ್ಕೆ ಕೃತಜ್ಞತೆಯಾಗಿ 1947ರಿಂದ ಪ್ರತಿವರ್ಷ ಕಳಿಸುತ್ತಾರೆ.

ಇನ್ನೊಂದು ಅಮೆರಿಕದ ಬಾಸ್ಟನ್‌ನದ್ದು. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಎರಡು ಹಡಗು ಡಿಕ್ಕಿಯಾದವು. ಒಂದರಲ್ಲಿ ಸ್ಫೋಟಕ ತುಂಬಿತ್ತು. ಸುಮಾರು 2000 ಜನ ಸತ್ತರು, ಊರಿನ ಒಂದು ಭಾಗವೇ ನೆಲಸಮವಾಯಿತು. ಸುದ್ದಿ ತಲುಪಿದ ರಾತ್ರಿಯೇ ಬಾಸ್ಟನ್‌ನಿಂದ ವೈದ್ಯರು, ಔಷಧಿ ತುಂಬಿದ ರೈಲು ಹೊರಟಿತು. ದಾರಿಯಲ್ಲಿ ಹಿಮಪಾತ. ಆದರೂ ತಲುಪಿತು. 1918ರಲ್ಲಿ ಹ್ಯಾಲಿಫ್ಯಾಕ್ಸ್ ಒಂದು ಮರ ಕಳಿಸಿ ಧನ್ಯವಾದ ಹೇಳಿತು. 1971ರಿಂದ ಹ್ಯಾಲಿಫ್ಯಾಕ್ಸ್ ಇರುವ ನೋವಾ ಸ್ಕೋಶಿಯಾ ಪ್ರಾಂತ್ಯದಿಂದ ಪ್ರತಿವರ್ಷ ಮರ ಹೋಗುತ್ತಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಕ್ರಿಸ್‌ಮಸ್ ಮರ ಇದೇ.

ಪ್ರಶ್ನೆಚೀಲ:
ಸಾಂತಾ ಬಗ್ಗೆ ಯಾರೂ ಏನೂ ಹೇಳಿಲ್ಲ. ಕೆಂಪು ಬಟ್ಟೆ ತಂಪು ಪಾನೀಯದ ಕಂಪನಿಯೊಂದು ಹಾಕಿಸಿದ್ದು ಅಂತ ಎಲ್ಲಾ ಕಡೆ ಓಡಾಡುತ್ತಿದೆ ಅಲ್ವಾ?

ಹಳೇಪುಟ:
ಓಡಾಡುತ್ತಿರುವುದು ನಿಜ, ವಿಷಯ ನಿಜ ಅಲ್ಲ. ಕೋಕಾಕೋಲಾ ಜಾಹೀರಾತಿಗೆ ಹ್ಯಾಡನ್ ಸಂಡ್‌ಬ್ಲೋಮ್ ಅನ್ನುವ ಕಲಾವಿದ ಸಾಂತಾ ಚಿತ್ರ ಬರೆಯಲು ಶುರು ಮಾಡಿದ್ದು 1931ರಲ್ಲಿ. ಆ ಚಿತ್ರಗಳು ಸಾಂತಾನಿಗೆ ಒಂದು ನಿರ್ದಿಷ್ಟ ಮುಖ ಕೊಟ್ಟವು, ಅದನ್ನು ಒಪ್ಪಬೇಕು. ಆದರೆ ಕೆಂಪು ಅಂಗಿ ಅದಕ್ಕೂ ಹಿಂದಿನದು. ಥಾಮಸ್ ನಾಸ್ಟ್ ಅನ್ನುವ ವ್ಯಂಗ್ಯಚಿತ್ರಕಾರ 1863ರಿಂದಲೇ ಅಮೆರಿಕದ ಪತ್ರಿಕೆಯಲ್ಲಿ ಸಾಂತಾನನ್ನು ಬರೆಯುತ್ತಿದ್ದರು. ದಪ್ಪ ಹೊಟ್ಟೆ, ಗಡ್ಡ, ಉತ್ತರ ಧ್ರುವದಲ್ಲಿ ಮನೆ, ಇವೆಲ್ಲಾ ಗಟ್ಟಿಯಾದದ್ದು ಅವರ ಚಿತ್ರಗಳಿಂದ. ಅವರ ಮೊದಲ ಸಾಂತಾ ಅಂತರ್ಯುದ್ಧದ ಸೈನಿಕರ ಶಿಬಿರಕ್ಕೆ ಬಂದು ಉಡುಗೊರೆ ಹಂಚುತ್ತಾನೆ, ಅಮೆರಿಕದ ಬಾವುಟದ ನಕ್ಷತ್ರ ಮತ್ತು ಪಟ್ಟೆಗಳ ಬಟ್ಟೆ ತೊಟ್ಟು! ವೈಟ್ ರಾಕ್ ಅನ್ನುವ ಇನ್ನೊಂದು ಪಾನೀಯ ಕಂಪನಿಯೂ 1915ರಲ್ಲೇ ಸಾಂತಾನನ್ನು ಜಾಹೀರಾತಿಗೆ ಬಳಸಿತ್ತು.

ಇನ್ನೂ ಹಿಂದೆ ಹೋದರೆ ಸಂತ ನಿಕೋಲಾಸ್ ಸಿಗುತ್ತಾರೆ. 4ನೇ ಶತಮಾನದಲ್ಲಿ ಮೈರಾ ಊರಿನ ಬಿಷಪ್. ಆ ಜಾಗ ಇವತ್ತಿನ ಟರ್ಕಿಯ ದೆಮ್ರೆ. ಅಂದರೆ ಹಿಮದ ನಾಡಿನವರೇ ಅಲ್ಲ, ಮೆಡಿಟರೇನಿಯನ್ ಕಡಲ ತೀರದವರು. ಹೆಣ್ಣುಮಕ್ಕಳಿಗೆ ಮದುವೆ ಮಾಡಲು ಹಣವಿಲ್ಲದ ಬಡವನೊಬ್ಬನ ಮನೆಗೆ ರಾತ್ರಿ ಗುಟ್ಟಾಗಿ ಚಿನ್ನದ ಗಂಟು ಎಸೆದುಹೋದರು ಅನ್ನುವುದು ಅವರ ಹೆಸರಿನ ಪ್ರಸಿದ್ಧ ಕಥೆ. ಕಾಲುಚೀಲ ನೇತುಹಾಕುವ ಪದ್ಧತಿಗೆ ಇದನ್ನೇ ಮೂಲ ಅಂತ ಹೇಳುತ್ತಾರೆ. 1087ರಲ್ಲಿ ಇಟಲಿಯ ಬಾರಿ ಊರಿನ ನಾವಿಕರು ಅವರ ಮೂಳೆಗಳನ್ನು ಮೈರಾದಿಂದ ಹೊತ್ತೊಯ್ದರು. ಇದು ಕಥೆ ಅಲ್ಲ. ಬಾರಿಯಲ್ಲಿ ಅವರ ಹೆಸರಿನ ದೊಡ್ಡ ಇಗರ್ಜಿ ಈಗಲೂ ಇದೆ.

ಉತ್ತರದಿಕ್ಕು:
ಸಾಂತಾನ ಬಂಡಿ ಎಳೆಯುವ ಹಿಮಸಾರಂಗಗಳ ವಿಷಯ ನನ್ನದು. 1823ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಪತ್ರಿಕೆಯಲ್ಲಿ ಹೆಸರಿಲ್ಲದೆ ಒಂದು ಪದ್ಯ ಅಚ್ಚಾಯಿತು. ಎಂಟು ಹಿಮಸಾರಂಗಗಳಿಗೂ ಹೆಸರು ಸಿಕ್ಕಿದ್ದು ಅದರಲ್ಲೇ. ಆ ಪದ್ಯದಲ್ಲಿ ಬಂಡಿಯೂ ಪುಟ್ಟದು, ಸಾರಂಗಗಳೂ ಪುಟಾಣಿ, ಸಾಂತಾ ಕೂಡ ಕುಳ್ಳ. ಹಾಗಾಗಿಯೇ ಹೊಗೆಗೂಡಿನಲ್ಲಿ ಇಳಿಯಲು ಆಗುತ್ತದೆ! ಸಾಂತಾ ದೊಡ್ಡವನಾದದ್ದು ಆಮೇಲೆ, ಆದರೆ ಹೊಗೆಗೂಡು ಹಾಗೇ ಉಳಿಯಿತು.

ಒಂಬತ್ತನೆಯದು, ಕೆಂಪು ಮೂಗಿನ ರುಡಾಲ್ಫ್, ಹುಟ್ಟಿದ್ದು 1939ರಲ್ಲಿ. ಮಾಂಟ್ಗೊಮೆರಿ ವಾರ್ಡ್ ಅನ್ನುವ ಅಂಗಡಿ ಸರಪಳಿ ಮಕ್ಕಳಿಗೆ ಉಚಿತವಾಗಿ ಹಂಚಲು ರಾಬರ್ಟ್ ಮೇ ಅನ್ನುವ ತನ್ನ ನೌಕರನಿಂದ ಪುಟ್ಟ ಪುಸ್ತಕ ಬರೆಸಿತು. ಮೊದಲ ವರ್ಷವೇ 24 ಲಕ್ಷ ಪ್ರತಿ ಹಂಚಿದರು. ಹಾಡು ಬಂದದ್ದು ಹತ್ತು ವರ್ಷದ ನಂತರ.

ಇನ್ನು ಜೀವಶಾಸ್ತ್ರ. ಹಿಮಸಾರಂಗಗಳಲ್ಲಿ ಹೆಣ್ಣಿಗೂ ಕೊಂಬು ಇರುತ್ತದೆ. ದೊಡ್ಡ ಗಂಡುಗಳು ಬೆದೆಯ ಕಾಲ ಮುಗಿದ ಮೇಲೆ, ಡಿಸೆಂಬರ್ ಹೊತ್ತಿಗೆ, ಕೊಂಬು ಉದುರಿಸುತ್ತವೆ. ಹೆಣ್ಣುಗಳು ವಸಂತದಲ್ಲಿ ಕರು ಹಾಕುವವರೆಗೂ ಉಳಿಸಿಕೊಳ್ಳುತ್ತವೆ. ಹಿಮ ಕೆರೆದು ಮಾಡಿದ ಮೇವಿನ ಗುಂಡಿಯನ್ನು ಕಾಯಲು ಬಸುರಿ ಸಾರಂಗಕ್ಕೆ ಕೊಂಬು ಬೇಕೇ ಬೇಕು. ಹಾಗಾದರೆ ಚಿತ್ರಗಳಲ್ಲಿ ಕೊಂಬಿರುವ ಸಾರಂಗಗಳೆಲ್ಲಾ ಹೆಣ್ಣೇ ಅಂತ ಒಂದು ಮಾತಿದೆ. ಪೂರ್ತಿ ಹಾಗಲ್ಲ. ಬಂಡಿಗೆ ಕಟ್ಟುವ ಗಂಡುಗಳಿಗೆ ಬೀಜ ಒಡೆಸಿರುತ್ತಾರೆ, ಅವೂ ಕೊಂಬನ್ನು ಹೆಚ್ಚು ದಿನ ಉಳಿಸಿಕೊಳ್ಳುತ್ತವೆ. ಮೂಗಿನ ವಿಷಯವೂ ಪೂರ್ತಿ ಕಲ್ಪನೆ ಅಲ್ಲ. ಅವುಗಳ ಮೂಗಿನೊಳಗೆ ಸಣ್ಣ ರಕ್ತನಾಳಗಳು ಒತ್ತೊತ್ತಾಗಿವೆ. ಕಣ್ಣಿನ ಹಿಂಭಾಗದ ಪದರ ಬೇಸಿಗೆಯಲ್ಲಿ ಚಿನ್ನದ ಬಣ್ಣ, ಚಳಿಗಾಲದ ಕತ್ತಲಲ್ಲಿ ನೀಲಿ!

ದೀಪದಹುಳು:
ಕಣ್ಣಿನ ಬಣ್ಣ ಬದಲಾಗುವುದು ನನಗೆ ಹೊಸದು. ಇದಕ್ಕೇ ಈ ಚರ್ಚೆ ಶುರು ಮಾಡಿದ್ದು.

ಸಾಂತಾನ ಪ್ರಯಾಣವನ್ನು ರೇಡಾರ್‌ನಲ್ಲಿ ನೋಡುವ ಪದ್ಧತಿಯೂ ಇದೆ. 1955ರಲ್ಲಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿದ್ದ ವಾಯುರಕ್ಷಣಾ ಕೇಂದ್ರಕ್ಕೆ ಸಾಂತಾ ಇದ್ದಾನಾ ಅಂತ ಕೇಳಿಕೊಂಡು ಒಂದು ಮಗುವಿನ ಫೋನ್ ಬಂತು. ಮಗು ಕರೆ ಮಾಡಬೇಕಿದ್ದದ್ದು ಅಂಗಡಿಯೊಂದರ ಜಾಹೀರಾತಿನಲ್ಲಿದ್ದ ಸಾಂತಾ ನಂಬರಿಗೆ. ಶತ್ರು ವಿಮಾನಗಳನ್ನು ಕಾಯುವ ಜಾಗ ಅದು. ಅಲ್ಲಿದ್ದ ಕರ್ನಲ್ ಹ್ಯಾರಿ ಶೌಪ್ ಅದನ್ನು ಹಬ್ಬದ ಸಂದರ್ಭವಾಗಿ ಮಾಡಿಕೊಂಡರು. ಆ ವರ್ಷವೇ ಸಾಂತಾನ ಜಾಡು ಹಿಡಿಯುತ್ತಿದ್ದೇವೆ ಅಂತ ಪ್ರಕಟಣೆ ಹೊರಟಿತು. ಇವತ್ತಿಗೂ ಪ್ರತಿ ಡಿಸೆಂಬರ್ 24ಕ್ಕೆ ನಡೆಯುತ್ತದೆ. ನೊರಾಡ್ ಅನ್ನುವ ಸಂಸ್ಥೆ ಇದನ್ನು ಮುಂದುವರಿಸಿದೆ.

ಪದ್ಯಪ್ರಿಯೆ:
ಹಾಡುಗಳನ್ನು ಬಿಟ್ಟರೆ ಹೇಗೆ? ಸೈಲೆಂಟ್ ನೈಟ್ ಮೊದಲು ಹಾಡಿದ್ದು 1818ರ ಡಿಸೆಂಬರ್ 24ರಂದು, ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ, ಸಂತ ನಿಕೋಲಾಸರ ಇಗರ್ಜಿಯಲ್ಲೇ. ಪದ ಬರೆದದ್ದು ಜೋಸೆಫ್ ಮೋರ್ ಅನ್ನುವ ಯುವ ಪಾದ್ರಿ, ಅದೂ ಎರಡು ವರ್ಷ ಮೊದಲೇ, 1816ರಲ್ಲಿ. ರಾಗ ಹಾಕಿದ್ದು ಫ್ರಾನ್ಸ್ ಕ್ಸೇವರ್ ಗ್ರೂಬರ್ ಅನ್ನುವ ಶಾಲಾ ಮೇಷ್ಟ್ರು. ಅವತ್ತು ಇಬ್ಬರೂ ಸೇರಿ ಗಿಟಾರ್ ಜೊತೆ ಹಾಡಿದರು. ಇಲಿಗಳು ಆರ್ಗನ್ ಕಡಿದುಹಾಕಿದ್ದರಿಂದ ಗಿಟಾರ್ ಹಿಡಿಯಬೇಕಾಯಿತು ಅನ್ನುವುದು ಆಮೇಲೆ ಸೇರಿಕೊಂಡ ಕಥೆ. 1816 ಅನ್ನುವ ವರ್ಷ ಖಚಿತವಾದದ್ದು ಮೋರ್ ಅವರ ಕೈಬರಹದ ಪ್ರತಿ 1995ರಲ್ಲಿ ಸಿಕ್ಕ ಮೇಲೆ. ನೆಪೋಲಿಯನ್ ಯುದ್ಧಗಳು ಆಗಷ್ಟೇ ಮುಗಿದಿದ್ದವು. 1816ರಲ್ಲಿ ಬೇಸಿಗೆಯೇ ಬರಲಿಲ್ಲ, ಯುರೋಪಿನಲ್ಲಿ ಬೆಳೆ ಹಾಳಾಗಿತ್ತು. ಅಂಥ ವರ್ಷದಲ್ಲಿ ಶಾಂತಿಯ ಬಗ್ಗೆ ಬರೆದ ಹಾಡು ಅಂತ ಗೊತ್ತಾದ ಮೇಲೆ ನಾನು ಅದನ್ನು ಬೇರೆ ರೀತಿ ಕೇಳುತ್ತೇನೆ.

ಜಿಂಗಲ್ ಬೆಲ್ಸ್ ಹಾಡಿನಲ್ಲಿ ಕ್ರಿಸ್‌ಮಸ್ ಅನ್ನುವ ಮಾತೇ ಇಲ್ಲ ಗೊತ್ತಾ? 1857ರಲ್ಲಿ ಜೇಮ್ಸ್ ಪಿಯರ್‌ಪಾಂಟ್ ಪ್ರಕಟಿಸಿದಾಗ ಹೆಸರೂ ಬೇರೆ ಇತ್ತು. ಅದು ಹಿಮದ ಮೇಲೆ ಕುದುರೆ ಬಂಡಿ ಓಡಿಸುವ ಮೋಜಿನ ಹಾಡು, ಅಷ್ಟೇ. ಅದೇ ಹಾಡು 1965ರ ಡಿಸೆಂಬರ್ 16ರಂದು ಬಾಹ್ಯಾಕಾಶದಿಂದ ಕೇಳಿಬಂತು. ಜೆಮಿನಿ 6 ನೌಕೆಯಲ್ಲಿದ್ದ ವಾಲಿ ಶಿರ್ರಾ ಮತ್ತು ಟಾಮ್ ಸ್ಟ್ಯಾಫರ್ಡ್, ಉತ್ತರದಿಂದ ದಕ್ಷಿಣಕ್ಕೆ ತುಂಬಾ ಕೆಳಗೆ ಏನೋ ಹಾರಿಹೋಗುತ್ತಿದೆ ಅಂತ ಗಂಭೀರವಾಗಿ ವರದಿ ಮಾಡಿದರು. ಕೆಳಗಿದ್ದವರು ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಿರುವಾಗಲೇ ಹಾರ್ಮೋನಿಕಾ ಮತ್ತು ಪುಟ್ಟ ಗಂಟೆಗಳ ಸದ್ದು! ಇಬ್ಬರೂ ಗುಟ್ಟಾಗಿ ತೆಗೆದುಕೊಂಡು ಹೋಗಿದ್ದರು. ಬಾಹ್ಯಾಕಾಶದಲ್ಲಿ ನುಡಿಸಿದ ಮೊದಲ ವಾದ್ಯಗಳು ಅವು. ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿವೆ.

ಕಾಡುಗಿಡ:
ಗಿಡಗಳ ಕಡೆ ಬರೋಣ. ಮಿಸಲ್‌ಟೋ ಒಂದು ಬದನಿಕೆ. ಸೇಬು, ಪಾಪ್ಲರ್ ಮರಗಳ ಕೊಂಬೆಗೆ ಬೇರು ಚುಚ್ಚಿ ನೀರು ಹೀರುತ್ತದೆ. ಚಳಿಗಾಲದಲ್ಲಿ ಆ ಮರಗಳ ಎಲೆಯೆಲ್ಲಾ ಉದುರಿದಾಗ ಇದು ಮಾತ್ರ ಹಸಿರು ಗುಂಡಾಗಿ ಮೇಲೆ ಕಾಣುತ್ತದೆ. ಬಿಳಿ ಹಣ್ಣಿನೊಳಗೆ ಅಂಟು ಅಂಟಾದ ಬೀಜ. ತಿಂದ ಹಕ್ಕಿ ಕೊಕ್ಕಿಗೆ ಅಂಟಿದ ಬೀಜವನ್ನು ಇನ್ನೊಂದು ಕೊಂಬೆಗೆ ಉಜ್ಜುತ್ತದೆ, ಅಲ್ಲೇ ಅದು ಮೊಳೆಯುತ್ತದೆ.

ಕ್ರಿಸ್‌ಮಸ್‌ಗೆ ಮನೆಯಲ್ಲಿ ಇದನ್ನು ನೇತುಹಾಕಿ, ಅದರ ಕೆಳಗೆ ನಿಂತವರಿಗೆ ಮುತ್ತು ಕೊಡುವ ಪದ್ಧತಿ ಪ್ರಾಚೀನ ಡ್ರೂಯಿಡ್ ಪುರೋಹಿತರದ್ದು ಅಂತ ತುಂಬಾ ಜನ ಬರೆಯುತ್ತಾರೆ. ರೋಮಿನ ಪ್ಲಿನಿ ಬರೆದದ್ದು ಇಷ್ಟು: ಡ್ರೂಯಿಡರು ಓಕ್ ಮರದಿಂದ ಚಿನ್ನದ ಕುಡುಗೋಲಿನಲ್ಲಿ ಇದನ್ನು ಕೊಯ್ಯುತ್ತಿದ್ದರು. ಮುತ್ತಿನ ಮಾತೇ ಇಲ್ಲ. ಮುತ್ತಿನ ದಾಖಲೆ ಸಿಗುವುದು 18ನೇ ಶತಮಾನದ ಇಂಗ್ಲೆಂಡಿನಲ್ಲಿ. ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ 1820ರಲ್ಲಿ ಇದರ ನಿಯಮವನ್ನೂ ಬರೆದಿದ್ದಾರೆ. ಒಂದು ಮುತ್ತಿಗೆ ಒಂದು ಹಣ್ಣು ಕೀಳಬೇಕು. ಹಣ್ಣು ಮುಗಿದರೆ ಮುತ್ತೂ ಮುಗಿಯಿತು.

ಕ್ರಿಸ್‌ಮಸ್ ಅಲಂಕಾರಕ್ಕೆ ಇಡುವ ಪಾಯಿನ್ಸೆಟಿಯಾ ಮೆಕ್ಸಿಕೋದ ಗಿಡ. ಕೆಂಪಗೆ ಕಾಣುವುದು ಹೂವಿನ ದಳ ಅಲ್ಲ, ಬಣ್ಣ ತಿರುಗಿದ ಎಲೆಗಳು. ನಿಜವಾದ ಹೂವು ನಡುವೆ ಹಳದಿಯಾಗಿ, ಕಾಳಿನಷ್ಟು ಚಿಕ್ಕದಾಗಿ ಇರುತ್ತದೆ. ಹತ್ತಿರ ಹೋಗಿ ನೋಡಿದರೆ ಮಾತ್ರ ಗೊತ್ತಾಗುವುದು. ರಾತ್ರಿ ಉದ್ದವಾದಾಗ ಎಲೆ ಕೆಂಪಾಗುತ್ತದೆ. ದಿನಕ್ಕೆ ಸುಮಾರು 14 ಗಂಟೆ ಬಿಡದೆ ಕತ್ತಲೆ ಬೇಕು, ಅದೂ ವಾರಗಟ್ಟಲೆ. ಆದ್ದರಿಂದ ಸರಿಯಾಗಿ ಡಿಸೆಂಬರ್‌ಗೆ ಬಣ್ಣ ಬರುತ್ತದೆ. ಮೆಕ್ಸಿಕೋದಲ್ಲಿದ್ದ ಅಮೆರಿಕದ ಮೊದಲ ರಾಯಭಾರಿ ಜೋಯಲ್ ಪಾಯಿನ್ಸೆಟ್ 1820ರ ದಶಕದಲ್ಲಿ ಇದನ್ನು ತಮ್ಮ ಊರಿಗೆ ಕಳಿಸಿದರು. ಗಿಡಕ್ಕೆ ಅವರ ಹೆಸರೇ ಅಂಟಿಕೊಂಡಿತು. ಆಜ್ಟೆಕರು ಅದಕ್ಕೂ ಎಷ್ಟೋ ಮೊದಲಿಂದ ಈ ಗಿಡದಿಂದ ಬಣ್ಣ ತೆಗೆಯುತ್ತಿದ್ದರು.

ಪ್ರಶ್ನೆಚೀಲ:
ದೊಡ್ಡ ಪ್ರಶ್ನೆ ಕೇಳಿಬಿಡುತ್ತೇನೆ. ಡಿಸೆಂಬರ್ 25 ಯಾಕೆ? ರೋಮನ್ನರ ಸೂರ್ಯನ ಹಬ್ಬವನ್ನು ಕ್ರೈಸ್ತರು ಎತ್ತಿಕೊಂಡರು ಅಂತ ಕೇಳಿದ್ದೇನೆ.

ಲೆಕ್ಕದಮೇಷ್ಟ್ರು:
ಬೈಬಲಿನಲ್ಲಿ ತಾರೀಖು ಇಲ್ಲ. ಡಿಸೆಂಬರ್ 25ರ ಹಳೆಯ ದಾಖಲೆ 354ರಲ್ಲಿ ರೋಮಿನ ಒಬ್ಬ ಸಿರಿವಂತನಿಗಾಗಿ ತಯಾರಾದ ಪಂಚಾಂಗದಲ್ಲಿದೆ. ಅದರಲ್ಲಿರುವ ಹುತಾತ್ಮರ ಪಟ್ಟಿ 336ರ ಹೊತ್ತಿನದು ಅಂತ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಆ ಪಟ್ಟಿ ಶುರುವಾಗುವುದೇ ಡಿಸೆಂಬರ್ 25, ಬೆತ್ಲೆಹೇಮಿನಲ್ಲಿ ಕ್ರಿಸ್ತನ ಜನನ ಅಂತ. ಕುತೂಹಲ ಏನಪ್ಪಾ ಅಂದರೆ, ಅದೇ ಗ್ರಂಥದ ಇನ್ನೊಂದು ಭಾಗದಲ್ಲಿ ಅದೇ ದಿನಕ್ಕೆ ಸೋಲಿಲ್ಲದವನ ಜನ್ಮದಿನ, 30 ರಥದ ಓಟ ಅಂತ ಬರೆದಿದೆ. ಅದು ಸೂರ್ಯದೇವರದ್ದು ಅಂತ ಓದುತ್ತಾರೆ. ಎರಡೂ ಒಂದೇ ಗ್ರಂಥದಲ್ಲಿ! ಯಾವುದು ಮೊದಲು, ಯಾರಿಂದ ಯಾರು ತೆಗೆದುಕೊಂಡರು ಅನ್ನುವ ಜಗಳ ಇಲ್ಲಿಂದಲೇ.

ಚಕ್ರವರ್ತಿ ಔರೇಲಿಯನ್ 274ರಲ್ಲಿ ಸೂರ್ಯನಿಗೆ ಗುಡಿ ಕಟ್ಟಿಸಿದ್ದು ನಿಜ. ಇನ್ನೊಂದು ವಾದ ಲೆಕ್ಕದ್ದು. ಯೇಸು ಶಿಲುಬೆಗೇರಿದ್ದು ಮಾರ್ಚ್ 25 ಅಂತ ಹಳೇ ಕ್ರೈಸ್ತ ಬರಹಗಾರರು ಎಣಿಸಿದ್ದರು. ಗರ್ಭದಲ್ಲಿ ಮೂಡಿದ್ದೂ ಅದೇ ದಿನ ಅಂತ ನಂಬಿದರು. ಅದಕ್ಕೆ ಒಂಬತ್ತು ತಿಂಗಳು ಕೂಡಿಸಿ, ಡಿಸೆಂಬರ್ 25. ನನಗೆ ಈ ವಾದದಲ್ಲೇ ಜಾಸ್ತಿ ಬಲ ಕಾಣುತ್ತದೆ. ಯಾಕಂದರೆ ಪೂರ್ವದ ಕಡೆ ಏಪ್ರಿಲ್ 6 ಅಂತ ಎಣಿಸಿದವರು ಹಬ್ಬವನ್ನು ಜನವರಿ 6ಕ್ಕೆ ಇಟ್ಟುಕೊಂಡರು. ಅಲ್ಲೂ ಸರಿಯಾಗಿ ಒಂಬತ್ತೇ ತಿಂಗಳು.

ಹಳೇಪುಟ:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಲೆಕ್ಕ ಕ್ರೈಸ್ತರದ್ದೇ ಆಗಿರಲಿ, ಆದರೆ ಹಬ್ಬ ಜನರಲ್ಲಿ ಬೇರು ಬಿಟ್ಟದ್ದಕ್ಕೆ ಆ ಕಾಲದ ರೋಮಿನ ವಾತಾವರಣ ಸಹಾಯ ಮಾಡಿತು. ಡಿಸೆಂಬರ್ 17ರಿಂದ ಸ್ಯಾಟರ್ನ್ ದೇವರ ಹಬ್ಬವಾದ ಸ್ಯಾಟರ್ನೇಲಿಯಾ ನಡೆಯುತ್ತಿತ್ತು. ಮೇಣದಬತ್ತಿ, ಮಣ್ಣಿನ ಪುಟ್ಟ ಬೊಂಬೆ ಉಡುಗೊರೆ ಕೊಡುತ್ತಿದ್ದರು. ಆಳುಗಳು ಊಟಕ್ಕೆ ಕೂತರೆ ಒಡೆಯರು ಬಡಿಸುತ್ತಿದ್ದರು. ವರ್ಷದ ಆ ಹೊತ್ತಿಗೆ ಸಂಭ್ರಮಪಡುವುದು ಜನರಿಗೆ ಆಗಲೇ ರೂಢಿಯಾಗಿತ್ತು.

ಈ ಸಂಭ್ರಮವೇ ಮುಂದೆ ತೊಂದರೆಗೂ ಕಾರಣವಾಯಿತು. 1647ರಲ್ಲಿ ಇಂಗ್ಲೆಂಡಿನ ಸಂಸತ್ತು ಕ್ರಿಸ್‌ಮಸ್ಸನ್ನೇ ರದ್ದು ಮಾಡಿತು. ಬೈಬಲಿನಲ್ಲಿ ಇಲ್ಲದ ಹಬ್ಬ, ಕುಡಿತ ಮತ್ತು ಜೂಜಿಗೆ ನೆಪ ಅನ್ನುವುದು ಪ್ಯೂರಿಟನ್ನರ, ಅಂದರೆ ಕಟ್ಟುನಿಟ್ಟಿನ ಪ್ರಾಟೆಸ್ಟಂಟರ ವಾದ. ಆ ಡಿಸೆಂಬರ್ 25ರಂದು ಕ್ಯಾಂಟರ್‌ಬರಿಯಲ್ಲಿ ಅಂಗಡಿ ತೆರೆಯಬೇಕೆಂದು ಮೇಯರ್ ಅಪ್ಪಣೆ ಮಾಡಿದರು. ಜನ ದಂಗೆ ಎದ್ದರು. ನಿಷೇಧ ಹೋದದ್ದು 1660ರಲ್ಲಿ ರಾಜರ ಆಳ್ವಿಕೆ ಮರಳಿ ಬಂದ ಮೇಲೆ. ಈ ನಿಷೇಧವನ್ನು ಮುಂದೆ ದೇಶ ಆಳಿದ ಆಲಿವರ್ ಕ್ರಾಮ್‌ವೆಲ್ ಒಬ್ಬರೇ ಮಾಡಿದರು ಅನ್ನುತ್ತಾರೆ. ಆದರೆ 1647ರಲ್ಲಿ ಅವರು ದೇಶದ ಮುಖ್ಯಸ್ಥರೇ ಆಗಿರಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ. ಸ್ಕಾಟ್ಲೆಂಡಿನಲ್ಲಿ ಕ್ರಿಸ್‌ಮಸ್ ಸಾರ್ವಜನಿಕ ರಜೆಯಾದದ್ದು 1958ರಲ್ಲಿ!

ಪದ್ಯಪ್ರಿಯೆ:
1958 ಅಂದರೆ ನಿನ್ನೆ ಮೊನ್ನೆ.

ಯೇಸು ಹುಟ್ಟಿದ ದೃಶ್ಯ ತೋರಿಸುವ ಗೋದಲಿಯ ಬಗ್ಗೆ ಒಂದು ಮಾತು. 1223ರಲ್ಲಿ ಇಟಲಿಯ ಗ್ರೆಚ್ಚೋ ಊರಿನ ಗುಹೆಯೊಂದರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ಹಾಸಿ, ನಿಜವಾದ ಎತ್ತು ಮತ್ತು ಕತ್ತೆ ತಂದು ನಿಲ್ಲಿಸಿದರು. ಬಡ ಜನ ಕಣ್ಣಾರೆ ನೋಡಲಿ ಅಂತ. ಬೈಬಲಿನ ಸುವಾರ್ತೆಗಳಲ್ಲಿರುವ ಯೇಸುವಿನ ಜನನದ ಕಥೆಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಅವು ಬೈಬಲಿನ ಹಳೇ ಭಾಗವಾದ ಯೆಶಾಯನ ಗ್ರಂಥದ ಒಂದು ವಚನದಿಂದ ಬಂದವು. ಉಡುಗೊರೆ ಹಿಡಿದು ಮಗುವನ್ನು ನೋಡಲು ಬಂದ ಜ್ಞಾನಿಗಳು ಮೂವರು ಅಂತಲೂ ಎಲ್ಲೂ ಬರೆದಿಲ್ಲ. ಉಡುಗೊರೆ ಮೂರು, ಅದಕ್ಕೇ ಜನವೂ ಮೂವರಾದರು.

ಉತ್ತರದಿಕ್ಕು:
ಹಗುರವಾದದ್ದೊಂದು. ಸ್ವೀಡನ್ನಿನ ಯೆವ್ಲೆ ಊರಿನಲ್ಲಿ 1966ರಿಂದ ಕ್ರಿಸ್‌ಮಸ್‌ಗೆ ಹುಲ್ಲಿನ ದೊಡ್ಡ ಹೋತ ನಿಲ್ಲಿಸುತ್ತಾರೆ. ಎತ್ತರ ಸುಮಾರು 13 ಮೀಟರ್. ಅದಕ್ಕೆ ಬೆಂಕಿ ಇಡುವುದು ಕಾನೂನಿಗೆ ವಿರುದ್ಧ, ಆದರೂ ಮತ್ತೆ ಮತ್ತೆ ಸುಟ್ಟಿದ್ದಾರೆ. ಮೊದಲ ವರ್ಷವೇ ಹೊಸ ವರ್ಷದ ಹಿಂದಿನ ರಾತ್ರಿ ಸುಟ್ಟುಹೋಯಿತು. 2005ರಲ್ಲಿ ಸಾಂತಾ ವೇಷದವನೂ ಜಿಂಜರ್‌ಬ್ರೆಡ್ ಬೊಂಬೆಯ ವೇಷದವನೂ ಬೆಂಕಿ ಬಾಣ ಬಿಟ್ಟರು. 2016ರಲ್ಲಿ ಉದ್ಘಾಟನೆಯಾದ ದಿನವೇ ಬೂದಿ. 2023ರಲ್ಲಿ ಬೆಂಕಿ ಬೀಳಲಿಲ್ಲ. ಹುಲ್ಲಿನಲ್ಲಿ ಕಾಳು ಉಳಿದುಕೊಂಡಿತ್ತು, ಕಾಗೆ ಜಾತಿಯ ಹಕ್ಕಿಗಳ ಹಿಂಡು ಬಂದು ಹೋತವನ್ನು ಕುಕ್ಕಿ ಕುಕ್ಕಿ ಬೋಳು ಮಾಡಿದವು.

ಐಸ್‌ಲ್ಯಾಂಡಿನಲ್ಲಿ ಒಬ್ಬ ಸಾಂತಾ ಅಲ್ಲ, 13 ತುಂಟ ಅಣ್ಣತಮ್ಮಂದಿರು. ದಿನಕ್ಕೊಬ್ಬರಂತೆ ಬೆಟ್ಟದಿಂದ ಇಳಿದು ಬರುತ್ತಾರೆ. ಒಬ್ಬ ಚಮಚ ನೆಕ್ಕುವವನು, ಒಬ್ಬ ಬಾಗಿಲು ದಢಾರ್ ಅಂತ ಹಾಕುವವನು, ಕೊನೆಯವನು ಮೇಣದಬತ್ತಿ ಕಳ್ಳ. ಹಿಂದೆ ಬತ್ತಿಯನ್ನು ಪ್ರಾಣಿಯ ಕೊಬ್ಬಿನಿಂದ ಮಾಡುತ್ತಿದ್ದರು, ತಿನ್ನಲೂ ಆಗುತ್ತಿತ್ತು. ಅಲ್ಲಿ ಹಬ್ಬಕ್ಕೆ ಪುಸ್ತಕ ಉಡುಗೊರೆ ಕೊಡುವ ರೂಢಿ ಜೋರಾದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಬೇರೆ ಆಮದು ಸಾಮಾನಿನ ಮೇಲೆ ಇದ್ದಷ್ಟು ಬಿಗಿ ಕಾಗದದ ಮೇಲೆ ಇರಲಿಲ್ಲ.

ದೀಪದಹುಳು:
ಆ ಹೋತಕ್ಕೆ ಎಂಥೆಂಥ ಗತಿ!

ನನ್ನ ಕಡೆಯಿಂದ ಇನ್ನೊಂದು. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಪಾದ್ರಿ ಯೋಹಾನ್ ವಿಚರ್ನ್‌ಗೆ ಮಕ್ಕಳು ದಿನಾ ಕೇಳುತ್ತಿದ್ದರಂತೆ: ಕ್ರಿಸ್‌ಮಸ್ ಯಾವಾಗ? ಅವರು ಹಳೇ ಗಾಡಿಚಕ್ರವೊಂದನ್ನು ಅಡ್ಡ ತೂಗುಹಾಕಿ ಅದರ ಮೇಲೆ ಮೇಣದಬತ್ತಿ ಸಾಲಾಗಿ ನಿಲ್ಲಿಸಿದರು. ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ, ಉಳಿದ ದಿನಕ್ಕೆ ಚಿಕ್ಕ ಕೆಂಪು ಬತ್ತಿ. ದಿನಕ್ಕೊಂದು ಹಚ್ಚುವುದು. ಮಕ್ಕಳು ಹಬ್ಬಕ್ಕೆ ಎಷ್ಟು ದಿನ ಉಳಿದಿದೆ ಅಂತ ತಾವೇ ಎಣಿಸಿಕೊಂಡರು. ಅಡ್ವೆಂಟ್ ಅಂದರೆ ಹಬ್ಬಕ್ಕೆ ಮುಂಚಿನ ಕಾಯುವ ಕಾಲ. ಇವತ್ತಿನ ಅಡ್ವೆಂಟ್ ಹಾರದ ನಾಲ್ಕು ಬತ್ತಿ ಆ ಕಾಲದ ನಾಲ್ಕು ಭಾನುವಾರಗಳದ್ದು.

ಪ್ರಶ್ನೆಚೀಲ:
ಹಬ್ಬಕ್ಕೆ 12 ದಿನ ಅಂತ ಹಾಡಿದೆಯಲ್ಲ, ಅದರಲ್ಲಿ ಹೇಳುವ ಉಡುಗೊರೆಗಳನ್ನೆಲ್ಲಾ ಕೂಡಿಸಿದರೆ ಎಷ್ಟಾಗುತ್ತದೆ ಮೇಷ್ಟ್ರೇ? ಆಮೇಲೆ ಕೆಲವರು ಜನವರಿಯಲ್ಲಿ ಕ್ರಿಸ್‌ಮಸ್ ಮಾಡುವುದು ಯಾಕೆ ಅಂತಲೂ ಹೇಳಿ.

ಲೆಕ್ಕದಮೇಷ್ಟ್ರು:
364. ಮೊದಲ ದಿನ 1, ಎರಡನೇ ದಿನ 2 ಮತ್ತು 1 ಸೇರಿ 3, ಮೂರನೇ ದಿನ 6, ಹೀಗೆ 12ನೇ ದಿನ 78. ಎಲ್ಲಾ ಕೂಡಿಸಿದರೆ ವರ್ಷಕ್ಕೆ ಒಂದೇ ದಿನ ಕಡಿಮೆ. ಆ 12 ದಿನ ಹಬ್ಬಕ್ಕೆ ಮುಂಚಿನವು ಅಲ್ಲ, ಡಿಸೆಂಬರ್ 25ರಿಂದ ಎಣಿಸಬೇಕು.

ಜನವರಿಯ ವಿಷಯ. ರಷ್ಯಾ, ಸರ್ಬಿಯಾದ ಆರ್ಥೊಡಾಕ್ಸ್ ಇಗರ್ಜಿಗಳು ಜೂಲಿಯನ್ ಅನ್ನುವ ಹಳೇ ಪಂಚಾಂಗ ಬಿಟ್ಟಿಲ್ಲ. ಅವರಿಗೂ ಹಬ್ಬ ಡಿಸೆಂಬರ್ 25ಕ್ಕೇ. ಆದರೆ ಅವರ ಪಂಚಾಂಗ ನಮ್ಮದಕ್ಕಿಂತ 13 ದಿನ ಹಿಂದಿದೆ, ಹಾಗಾಗಿ ನಮ್ಮ ಲೆಕ್ಕದಲ್ಲಿ ಜನವರಿ 7. ಉಕ್ರೇನ್ 2023ರಲ್ಲಿ ತನ್ನ ಸರ್ಕಾರಿ ರಜೆಯನ್ನು ಜನವರಿ 7ರಿಂದ ಡಿಸೆಂಬರ್ 25ಕ್ಕೆ ತಂದುಕೊಂಡಿತು.

ಬೆತ್ಲೆಹೇಮಿನ ಇಗರ್ಜಿಯಲ್ಲಿ ಮೂರು ಸಲ ಕ್ರಿಸ್‌ಮಸ್ ನಡೆಯುತ್ತದೆ. ಡಿಸೆಂಬರ್ 25ಕ್ಕೆ ಕ್ಯಾಥೋಲಿಕರದ್ದು, ಜನವರಿ 7ಕ್ಕೆ ಆರ್ಥೊಡಾಕ್ಸರದ್ದು. ಅರ್ಮೇನಿಯನ್ನರು ಜನವರಿ 6ನ್ನು ಬಿಟ್ಟುಕೊಟ್ಟಿಲ್ಲ. ಅಲ್ಲಿರುವ ಅರ್ಮೇನಿಯನ್ನರು ಆ ಜನವರಿ 6ನ್ನೂ ಜೂಲಿಯನ್ ಲೆಕ್ಕದಲ್ಲಿ ಹಿಡಿಯುವುದರಿಂದ ಜನವರಿ 19. ಇನ್ನೊಂದು ವಿಷಯ, 2100ನೇ ಇಸವಿ ನಮ್ಮ ಪಂಚಾಂಗದಲ್ಲಿ ಅಧಿಕ ವರ್ಷ ಅಲ್ಲ, ಜೂಲಿಯನ್‌ನಲ್ಲಿ ಹೌದು. ಅಲ್ಲಿಂದ ವ್ಯತ್ಯಾಸ 14 ದಿನ ಆಗುತ್ತದೆ. ಆಗಲೂ ಜೂಲಿಯನ್ ಪಂಚಾಂಗವನ್ನೇ ಹಿಡಿದುಕೊಂಡವರಿಗೆ 2101ರಲ್ಲಿ ಕ್ರಿಸ್‌ಮಸ್ ಜನವರಿ 8ಕ್ಕೆ ಬರುತ್ತದೆ, ಬೆತ್ಲೆಹೇಮಿನ ಅರ್ಮೇನಿಯನ್ನರಿಗೆ 20ಕ್ಕೆ.